ಘಾಟಿ ಹತ್ತಿದ ಮೀನಿನ ಕಾರು

ಹೊಗೆನಕಲ್‌ನಿಂದ ಪೆನ್ನಾಗರದ ಕಡೆಗೆ ಘಾಟಿ ಹತ್ತುವಾಗ, ರಸ್ತೆ ಪಕ್ಕದಲ್ಲಿ ಬಾನೆಟ್ ಎತ್ತಿ ನಿಂತ ಕಾರನ್ನು ನೀವು ನೋಡೇ ಇರ್ತೀರಿ. ಮುಂದುಗಡೆಯಿಂದ ಬಿಳಿ ಆವಿ ಏಳ್ತಿರುತ್ತೆ. ಮರದ ನೆರಳಲ್ಲಿ ಡ್ರೈವರ್ ಕೂತಿರ್ತಾನೆ. ಏನಾಯ್ತಪ್ಪ ಅಂದ್ರೆ "ಗಾಡಿ ಕಾದೋಗೈತೆ" ಅಂತಾನೆ. ಯಾಕೆ ಕಾಯ್ತು ಅಂದ್ರೆ ಬೆಟ್ಟದ ಕಡೆ ಕೈ ತೋರಿಸ್ತಾನೆ.

ನಮ್ಮ ಸಿದ್ದಪ್ಪನೂ ಬೆಟ್ಟದ ಮೇಲೇ ತಪ್ಪು ಹೊರಿಸ್ತಿದ್ದ. ಇದು ಎಪ್ಪತ್ನಾಲ್ಕನೇ ಇಸವಿಯ ಬೇಸಿಗೆಯ ಮಾತು.

ಸಿದ್ದಪ್ಪನ ಊರು ಪೆನ್ನಾಗರದಿಂದ ಸ್ವಲ್ಪ ಈಚೆಗೆ. ಮನೇಲಿ ಒಂದಷ್ಟು ಕುರಿ, ಹೊಲದಲ್ಲಿ ರಾಗಿ. ಜೊತೆಗೆ ಒಂದು ಹಳೇ ಕರೀ ಕಾರು. ಹಿಂದಿನ ಸೀಟು ತೆಗೆಸಿ ಅಲ್ಲಿ ಮೀನಿನ ಬುಟ್ಟಿ ಇಡೋಕೆ ಜಾಗ ಮಾಡಿದ್ದ. ಬೆಳಿಗ್ಗೆ ಹೊಗೆನಕಲ್‌ಗೆ ಇಳೀತಿದ್ದ. ಹರಿಗೋಲಿನವರು ಹಿಡಿದ ಮೀನನ್ನು ಪಳನಿಯಮ್ಮ ಅನ್ನೋ ಹೆಂಗಸು ಆರಿಸಿ, ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸ್ತಿದ್ದಳು. ಆಮೇಲೆ ಅವಳೂ ಮುಂದಿನ ಸೀಟಿನಲ್ಲಿ ಕೂತು, ಇಬ್ಬರೂ ಧರ್ಮಪುರಿ ಮಾರ್ಕೆಟ್ಟಿಗೆ ಹೋಗ್ತಿದ್ದರು. ಪಳನಿಯಮ್ಮನಿಗೆ ಗಂಡ ಇಲ್ಲ. ಆ ಬುಟ್ಟಿಗಳಿಂದಲೇ ಅವಳ ಮನೆ ನಡೀಬೇಕು. ಸಿದ್ದಪ್ಪನ ಮನೆಗೂ ಕೈಗೆ ಬರೋ ಕಾಸು ಆ ಕಾರಿನಿಂದಲೇ.

ಆ ಬೇಸಿಗೇಲಿ ಕಾರು ಘಾಟಿ ಹತ್ತುವಾಗಲೆಲ್ಲ ಕಾಯೋಕೆ ಶುರುವಾಯ್ತು. ರೇಡಿಯೇಟರ್ ಕೆಳಗೆ ಹನಿ ಹನಿ ನೀರು ಸೋರ್ತಿತ್ತು. ಸಿದ್ದಪ್ಪ ಒಂದು ಕ್ಯಾನಿನಲ್ಲಿ ಮನೆ ಬಾವಿ ನೀರು ಇಟ್ಟುಕೊಂಡು, ನಡುವೆ ನಡುವೆ ನಿಲ್ಲಿಸಿ ಸುರೀತಿದ್ದ. ಸೋರೋದು ಜಾಸ್ತಿಯಾದಾಗ, ಯಾರೋ ಹೇಳಿದರು ಅಂತ ಒಂದು ಹಿಡಿ ಅರಿಶಿನ ಪುಡಿ ರೇಡಿಯೇಟರ್ ಒಳಕ್ಕೆ ಹಾಕಿದ. ಎರಡು ದಿನ ನಿಂತಂಗಾಯ್ತು. ಮತ್ತೆ ಸೋರ್ತು. ಆಗ ರಾಗಿ ಹಿಟ್ಟು ಕಲಸಿ ಹುಯ್ದ.

ಹೆಂಡತಿ ನಾರಾಯಣಮ್ಮ ಕೇಳಿದಳು. "ಕಾರಿಗೆ ಅಂಬಲಿ ಕುಡಿಸ್ತೀರಾ?"

"ನಿಂಗೇನ್ ಗೊತ್ತು ಬುಡು. ತೂತು ಮುಚ್ಕತದೆ" ಅಂದ ಸಿದ್ದಪ್ಪ.

ತೂತೇನೋ ಒಂದಷ್ಟು ಮುಚ್ಚಿಕೊಳ್ತು. ಆದರೆ ಕಾರು ಮೊದಲಿಗಿಂತ ಬೇಗ ಕಾಯೋಕೆ ಶುರುವಾಯ್ತು. ಸಿದ್ದಪ್ಪನಿಗೆ ಅದರ ಅರ್ಥ ಆಗಲಿಲ್ಲ.

ಒಂದು ಶುಕ್ರವಾರ ಮೀನು ಚೆನ್ನಾಗಿ ಸಿಕ್ಕಿತ್ತು. ಬುಟ್ಟಿ ಎಲ್ಲ ತುಂಬಿತ್ತು. ಹೊರಡೋದು ತಡವಾಗಿ, ಬಿಸಿಲು ಏರಿತ್ತು. ಘಾಟಿಯ ಅರ್ಧಕ್ಕೆ ಬರೋ ಹೊತ್ತಿಗೆ ಬಾನೆಟ್ ಸಂದಿಯಿಂದ ಆವಿ ಕಾಣಿಸ್ಕೊಳ್ತು. ಸಿದ್ದಪ್ಪ ಕಾರು ನಿಲ್ಲಿಸಿದ.

"ಸ್ವಲ್ಪ ಆರ್ಲಿ ಕಣಣ್ಣ" ಅಂದಳು ಪಳನಿಯಮ್ಮ.

"ಆರೋಗಂಟ ಕೂತ್ರೆ ಮೀನು ಎಲ್ಲಿ ನಿಲ್ತದೆ? ಈ ಬಿಸ್ಲು ಸೂಡಿಗೆ ಕೆಟ್ಟೋಗ್ತದೆ. ವ್ಯಾಪಾರಿಗಳು ಬೇರೆಯೋರ್ ತಾವ ತಗಂಡು ಓಗ್ತಾರೆ" ಅಂತ ಹೇಳಿ, ಟವಲ್ ಸುತ್ತಿದ ಕೈಯಲ್ಲಿ ರೇಡಿಯೇಟರ್ ಮುಚ್ಚಳ ಹಿಡಿದು ತಿರುಗಿಸಿಬಿಟ್ಟ.

ಮುಚ್ಚಳ ಹಾರಿಹೋಯ್ತು. ಕುದಿಯೋ ನೀರು, ಆವಿ ಎಲ್ಲ ಒಟ್ಟಿಗೆ ಮೇಲಕ್ಕೆ ಚಿಮ್ಮಿತು. ಸಿದ್ದಪ್ಪ ಮುಖ ಪಕ್ಕಕ್ಕೆ ತಿರುಗಿಸಿದ್ದರಿಂದ ಕಣ್ಣು ಉಳೀತು. ಬಲಗೈ ಮೊಣಕೈವರೆಗೂ ಬೆಂದಿತು. ಕತ್ತಿನ ಹತ್ರಾನೂ ಸುಟ್ಟಿತು. ಅವನು ಕೂಗಲೂ ಆಗದೆ ರಸ್ತೆ ಮೇಲೆ ಕುಸಿದ.

ಆಗ ಅಲ್ಲಿಗೆ ಬಂದ ಒಬ್ಬ ಲಾರಿ ಡ್ರೈವರ್ "ಗ್ರೀಸ್ ಹಚ್ಚಿ, ಉರಿ ತಗ್ತದೆ" ಅಂತ ಡಬ್ಬಿ ತರೋಕೆ ಹೋದ. ಪಳನಿಯಮ್ಮ ಬೇಡ ಅಂದಳು. ಕುಡಿಯೋಕೆ ತಂದಿದ್ದ ಮಣ್ಣಿನ ಮಡಕೆ ನೀರನ್ನು ಅವನ ಕೈಮೇಲೆ ಸಣ್ಣಗೆ ಸುರೀತಾ ಕೂತಳು. ಮಡಕೆ ಖಾಲಿಯಾದ ಮೇಲೆ ಲಾರಿಯವನ ಹತ್ರ ಇದ್ದ ನೀರನ್ನೂ ತರಿಸಿ ಸುರಿದಳು. ಕೈ ಊದೋದಕ್ಕೆ ಮುಂಚೆ ಅವನ ಗಡಿಯಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸ್ಕೊಂಡಳು. ಆಮೇಲೆ ಅದೇ ಲಾರೀಲಿ ಪೆನ್ನಾಗರದ ಆಸ್ಪತ್ರೆಗೆ ಕರ್ಕೊಂಡು ಹೋದಳು. ಮೀನಿನ ಬುಟ್ಟಿಗಳು ಕಾರಿನಲ್ಲೇ ಉಳಿದವು. ಸಾಯಂಕಾಲ ಹೋಗಿ ನೋಡಿದರೆ ಹತ್ತಿರ ನಿಲ್ಲೋ ಹಾಗಿರಲಿಲ್ಲ. ಎಲ್ಲಾನೂ ಕಾಡಿನ ಪಕ್ಕ ಗುಂಡಿ ತೋಡಿ ಮುಚ್ಚಬೇಕಾಯ್ತು.

ಆಸ್ಪತ್ರೇಲಿ ನರ್ಸಮ್ಮ ಪೂಂಗೊಡಿ ಕೈಗೆ ಕಟ್ಟು ಕಟ್ತಾ ಹೇಳಿದರು. "ನೀರು ಹಾಕಿದ್ದು ಒಳ್ಳೇದಾಯ್ತು. ಗ್ರೀಸೋ ಹಿಟ್ಟೋ ಮೆತ್ತಿದ್ದರೆ ಅದನ್ನ ಕಿತ್ತು ತೆಗೆಯೋದೇ ಒಂದು ಪಾಡು. ಮುಖಕ್ಕೆ ಬಿದ್ದಿದ್ದರೆ ಕಣ್ಣೇ ಹೋಗ್ತಿತ್ತು, ತೆರಿಯುಮಾ, ಗೊತ್ತಾಯ್ತಾ?"

ಸಿದ್ದಪ್ಪ ತಲೆ ಆಡಿಸಿದ.

ಕಾರನ್ನು ಎತ್ತು ಕಟ್ಟಿ ಎಳೆಸಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. ಪರಿಚಯದ ಒಬ್ಬ ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ ನೋಡಿ, "ಎಂಜಿನ್ ಇಳಿಸ್ಬೇಕು. ಇಲ್ಲಾಂದ್ರೆ ತೂಕಕ್ಕೆ ಹಾಕಿಬಿಡಿ" ಅಂದ. ಸಿದ್ದಪ್ಪನಿಗೂ ಅದೇ ಸರಿ ಅನ್ನಿಸಿತು. ಕಾರು ಕಣ್ಣಿಗೆ ಬಿದ್ದರೆ ಸಾಕು, ಅವನು ಎದ್ದು ಒಳಕ್ಕೆ ಹೋಗಿಬಿಡ್ತಿದ್ದ. ಹೆದರಿಕೆ ಅಂತ ಯಾರಿಗೂ ಹೇಳಲಿಲ್ಲ. "ಮಾರ್ಬುಡಾಣ" ಅಂತ ಅಷ್ಟೇ ಹೇಳಿದ.

ಅತ್ತ ಪಳನಿಯಮ್ಮ ಬುಟ್ಟಿ ಹೊತ್ಕೊಂಡು ಬಸ್ಸಿಗೆ ಹೋದಳು. ಕಂಡಕ್ಟರ್ ಹತ್ತಿಸಲಿಲ್ಲ. ಮೀನಿನ ವಾಸನೆಗೆ ಜನ ಬೈತಾರೆ ಅಂದ. ಅವಳು ಸಿದ್ದಪ್ಪನ ಮನೆ ಜಗುಲಿ ಮೇಲೆ ಬಂದು ಕೂತಳು.

"ಅಣ್ಣನ್ನ ಬೈಯಾಕೆ ಬಂದಿಲ್ಲ ಕಣ್ ನಾರಾಣಮ್ಮ. ನಾನೇನ್ ಮಾಡ್ಲಿ ಏಳು" ಅಂದಳು.

ನಾರಾಯಣಮ್ಮ ಅವಳಿಗೆ ಮಜ್ಜಿಗೆ ಕೊಟ್ಟಳು. "ಸಂಕಗಿರಿಗೆ ಏಳಿ ಕಳಿಸ್ತೀನಿ. ನಮ್ಮಕ್ಕ ಬರ್ಲಿ" ಅಂದಳು.

ನಾರಾಯಣಮ್ಮನ ಅಕ್ಕ ಚಿನ್ನಕ್ಕ. ಅವಳನ್ನು ಕೊಟ್ಟಿದ್ದು ಶಂಕಗಿರಿಗೆ. ಅಲ್ಲಿ ಎಲ್ಲಿ ನೋಡಿದರೂ ಲಾರಿ. ಚಿನ್ನಕ್ಕನ ಗಂಡ ಮುನಿಸ್ವಾಮಿ ರಸ್ತೆ ಪಕ್ಕ ಒಂದು ಶೆಡ್ಡಿನಲ್ಲಿ ರೇಡಿಯೇಟರ್ ರಿಪೇರಿ ಮಾಡ್ತಿದ್ದ. ಮೊದಲು ಚಿನ್ನಕ್ಕ ಅವನಿಗೆ ನೀರು ತಂದುಕೊಡ್ತಿದ್ದಳು, ಕೆಂಡ ಊದಿಕೊಡ್ತಿದ್ದಳು. ಆಮೇಲೆ ಬೆಸುಗೆ ಹಾಕೋದೂ ಕಲಿತಳು. ಆ ಹೊತ್ತಿಗಾಗಲೇ ಲಾರಿಯವರು "ಅಕ್ಕಾ ಇದ್ದಾರಾ?" ಅಂತಾನೇ ಕೇಳ್ಕೊಂಡು ಬರ್ತಿದ್ದರು.

ಚಿನ್ನಕ್ಕ ಬಸ್ಸಿಳಿದು ಬಂದಾಗ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು. ಸಿದ್ದಪ್ಪನ ಕೈ ನೋಡಿ ಅವಳ ಕಣ್ಣು ತುಂಬಿತು. ಸೆರಗಿನಲ್ಲಿ ಒರೆಸ್ಕೊಂಡು ನೇರ ಕಾರಿನ ಹತ್ರ ಹೋದಳು.

ಸಿದ್ದಪ್ಪ ಜಗುಲಿಯಿಂದಲೇ ಹೇಳಿದ. "ಅತ್ತಿಗೆ, ನೀನು ಸುಮ್ನೆ ಸ್ರಮ ಪಡ್ಬೇಡ. ಎಂಜಿನ್ನೇ ಓಗೈತೆ ಅಂತ ಮೆಕ್ಯಾನಿಕ್ ಏಳವ್ನೆ."

"ಸ್ಟಾರ್ಟ್ ಆಗ್ತದಾ?"

"ಆಗ್ತದೆ."

"ಎಂಜಿನ್ ಎಣ್ಣೆ ನೋಡೋ ಕಡ್ಡೀಲಿ ನೀರು ಸೇರ್ಕಂಡು ಬೆಳ್ಳಗೆ ಮಜ್ಜಿಗೆ ತರ ಏನಾರ ಕಂಡ್ತಾ?"

"ಇಲ್ಲ."

"ಅಂಗಾದ್ರೆ ಎಂಜಿನ್ನು ಇನ್ನೂ ಬದುಕೈತೆ ಕಣಪ್ಪ. ಅದಕ್ಕೆ ನೀರು ಸರ್ಯಾಗಿ ಓಡ್ತಾ ಇಲ್ಲ, ಅಷ್ಟೆ."

"ನೀರು ನಾನು ದಿನಾ ಉಯ್ತಾನೇ ಇದ್ದೆ."

"ಯಾವ ನೀರು?"

"ನಮ್ ಬಾವೀದೇ."

ಚಿನ್ನಕ್ಕ ತಂಗಿಯನ್ನು ಕರೆದಳು. ಇಬ್ಬರೂ ಬಚ್ಚಲಿಗೆ ಹೋದರು. ನೀರು ಕಾಯಿಸೋ ಹಂಡೆಯ ಒಳಗೋಡೆಯನ್ನು ಚಿನ್ನಕ್ಕ ಉಗುರಿನಿಂದ ಕೆರೆದಳು. ಬಿಳೀ ಚೂರು ಎದ್ದು ಬಂತು. ಸುಣ್ಣದ ಹಾಗೆ ಗಟ್ಟಿ. ಅದನ್ನು ತಂದು ಸಿದ್ದಪ್ಪನ ಎಡಗೈಯಲ್ಲಿ ಇಟ್ಟಳು.

"ನಿಮ್ ಬಾವೀದು ಸವುಳು ನೀರು. ಕಾಯ್ಸಿದಂಗೆಲ್ಲ ಇದು ಕಟ್ಕತದೆ. ನಾರಾಣಿ ಅಂಡೆನ ಉಜ್ತಾಳೆ, ಆದ್ರೂ ಇಷ್ಟೈತೆ. ನಿನ್ ಕಾರಿನ ಒಳಗೆ ಯಾರು ಉಜ್ಜವ್ರೆ? ರೇಡಿಯೇಟರ್ ಒಳಗಿನ ಕೊಳವೆ ಎಲ್ಲ ಹುಲ್ಲುಕಡ್ಡಿ ಅಷ್ಟಷ್ಟೇ ಸಣ್ಣ. ಅದ್ರಲ್ಲಿ ಇದು ಕೂತ್ರೆ ನೀರು ಎಲ್ಲಿಂದ ಓಡ್ತದೆ?"

ಸಿದ್ದಪ್ಪ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. "ಬೆಟ್ಟ ಅತ್ತಿದ್ರೆ ಯಾವ ಗಾಡಿ ಆದ್ರೂ ಕಾಯ್ತದೆ" ಅಂದ.

"ತೊಪ್ಪೂರು ಘಾಟೀಲಿ ಲಾರಿಗಳು ಲೋಡ್ ಎತ್ಕಂಡು ಅತ್ತಲ್ವಾ? ನಾಳೆ ಬೆಳಿಗ್ಗೆ ಕೆಲ್ಸ ಶುರು ಮಾಡಾಣ. ನಿನ್ ಕೈ ಆಗಲ್ಲ, ನಾರಾಣಿ ಕೈ ಐತೆ."

"ಎಂಗಸ್ರು ಎಂಜಿನ್ ಬಿಚ್ತೀರಾ?"

"ಎಂಜಿನ್ ಯಾಕೆ ಬಿಚ್ಬೇಕು. ನೀರಿನ ದಾರಿ ತೊಳೀತೀವಿ" ಅಂದಳು ಚಿನ್ನಕ್ಕ.

ಮಾರನೇ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿತ್ತು. ಆದರೂ ಚಿನ್ನಕ್ಕ ಮೊದಲು ರೇಡಿಯೇಟರ್ ನೆತ್ತಿ ಮೇಲೆ ಅಂಗೈ ಇಟ್ಟು ನೋಡಿದಳು. ತಂಗಿ ಕೈಯಲ್ಲೂ ಇಡಿಸಿದಳು.

"ಇಲ್ಲಿ ಕೈ ಇಟ್ಕಂಡು ಸುಮ್ನೆ ನಿಂತ್ಕಳಾಕೆ ಆದ್ರೇನೇ ಮುಚ್ಚಳ ಮುಟ್ಟು. ಬಿಸಿ ಅನ್ಸಿದ್ರೆ ಕಾಯಿ. ಒಳಗೆ ಆವಿ ಕಟ್ಕಂಡು ಕೂತಿರ್ತದೆ. ದಾರಿ ಸಿಕ್ಕುದ್ರೆ ನಿನ್ ಮುಖಕ್ಕೇ ಬರ್ತದೆ."

ಸಿದ್ದಪ್ಪ ಕೇಳಿಸ್ಕೊಂಡ. ಕಟ್ಟಿನ ಕೈಯನ್ನು ಎದೆಗೆ ಒತ್ತಿ ಹಿಡಿದ.

ನಾರಾಯಣಮ್ಮ ರೇಡಿಯೇಟರ್ ಕೆಳಗಿನ ನಲ್ಲಿ ತಿರುಗಿಸಿದಳು. ಕೆಳಗಿಟ್ಟಿದ್ದ ಹಳೇ ಬಾಣಲೆಗೆ ನೀರು ಬಿತ್ತು. ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು. ಎಂಜಿನ್ನಿನ ಮಗ್ಗುಲಲ್ಲಿ ಇನ್ನೊಂದು ನಲ್ಲಿ ಇತ್ತು. ತಿರುಗಿಸಿದರೂ ಏನೂ ಬರಲಿಲ್ಲ. ಚಿನ್ನಕ್ಕ ಒಂದು ತಂತಿ ತೂರಿಸಿ ಆಡಿಸಿದಳು. ಕೆಸರು ಸಿಡಿದು, ಆಮೇಲೆ ನೀರು ಹರೀತು.

ಕುರಿಗಳು ನೀರಿನ ಶಬ್ದ ಕೇಳಿ ಬಂದವು. ಚಿನ್ನಕ್ಕ ಅವನ್ನು ಓಡಿಸಿದಳು. "ಇದನ್ನ ಕುರಿ ಕುಡೀಬಾರ್ದು, ನಾಯಿ ನೆಕ್ಬಾರ್ದು. ಬಾವಿ ಅತ್ರ ಚೆಲ್ಬೇಡ. ದೂರ ಗುಂಡಿ ತೋಡಿ ಉಯ್ದು ಮಣ್ಣು ಮುಚ್ಚು."

ಆಮೇಲೆ ಬಟ್ಟೆ ಒಗೆಯೋ ಸೋಡಾ ತಂದರು. ಹಿತ್ತಾಳೆ ಬಿಂದಿಗೆಗಳನ್ನು ಉಜ್ಜೋ ಅಭ್ಯಾಸದಿಂದ ನಾರಾಯಣಮ್ಮ ಕೇಳಿದಳು. "ಅಕ್ಕಾ, ಹುಣಸೆ ಉಳಿ ಆಕ್ಬಾರ್ದಾ? ಚೆನ್ನಾಗಿ ಬೆಳಗ್ತದೆ."

"ಬೇಡ. ಉಳಿ ಒಳಗೇ ಉಳ್ಕಂಡ್ರೆ ಬೆಸುಗೆನೂ ತಿಂತದೆ, ಕಬ್ಬಿಣಾನೂ ತಿಂತದೆ. ಸೋಡಾ ಸಾಕು. ಅದೂ ಬಟ್ಟೆ ಸೋಡಾ. ಕಾಸ್ಟಿಕ್ ಸೋಡಾ ತಂದ್ಬುಟ್ಟೀಯ, ಕೈ ಸುಡ್ತದೆ."

ಸೋಡಾವನ್ನು ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಆರಿಸಿ, ಬಟ್ಟೇಲಿ ಸೋಸಿ, ರೇಡಿಯೇಟರ್‌ಗೆ ತುಂಬಿ ಮುಚ್ಚಳ ಹಾಕಿದರು. ಎಂಜಿನ್ ಸ್ಟಾರ್ಟ್ ಮಾಡೋ ಮುಂಚೆ ಚಿನ್ನಕ್ಕ ತಂಗಿಯ ಸೆರಗನ್ನು ತಾನೇ ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು. ತನ್ನದನ್ನೂ ಸಿಕ್ಕಿಸ್ಕೊಂಡಳು. "ಫ್ಯಾನು ಸೆರಗು ಇಡೀತು ಅಂದ್ರೆ ಬುಡಲ್ಲ" ಅಂದಳು. ಕಾರು ನಿಂತಲ್ಲೇ ಸಣ್ಣಗೆ ಓಡ್ತು. ಮೇಲಿನ ರಬ್ಬರ್ ಪೈಪು ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿದರು. ತಣ್ಣಗಾಗೋವರೆಗೂ ಯಾರೂ ಹತ್ತಿರ ಹೋಗಲಿಲ್ಲ. ಊಟ ಮಾಡಿ ಬಂದು ನಲ್ಲಿ ಬಿಚ್ಚಿದರೆ ಕಾಫಿ ಬಣ್ಣದ ನೀರು ಬಂತು. ಜೊತೆಗೆ ಬಿಳೀ ಹಕ್ಕಳೆ, ತುಕ್ಕಿನ ಪುಡಿ.

ಮತ್ತೆ ಬರೀ ನೀರು ತುಂಬಿ ಇಳಿಸಿದರು. ಆಮೇಲೆ ಪೈಪುಗಳನ್ನು ಬಿಚ್ಚಿ ರೇಡಿಯೇಟರನ್ನೇ ಹೊರಕ್ಕೆ ತೆಗೆದರು. ಚಿನ್ನಕ್ಕ ಅದನ್ನು ತಲೆಕೆಳಗು ಮಾಡಿ ಕಲ್ಲಿಗೆ ಆನಿಸಿದಳು.

"ಯಾಕಕ್ಕ ಉಲ್ಟಾ?"

"ನೀರು ದಿನಾ ಮೇಲಿಂದ ಕೆಳಕ್ಕೆ ಓಡ್ತದೆ. ಕಸ ಆ ದಾರೀಲೇ ಒತ್ಕಂಡು ಕೂತಿರ್ತದೆ. ಈಗ ಕೆಳಗಿನ ಬಾಯಿಂದ ನೀರು ಬುಟ್ರೆ, ಬಂದ ದಾರೀಲೇ ವಾಪಸ್ ಓಗ್ತದೆ."

ಕೊಟ್ಟಿಗೆ ಮೇಲೆ ಡ್ರಮ್ ಇಟ್ಟು ನೀರು ತುಂಬಿ, ಒಂದು ಟ್ಯೂಬಿನಿಂದ ರೇಡಿಯೇಟರ್‌ಗೆ ಬಿಟ್ಟರು. ಮೊದಲು ಕೆಂಪು ನೀರು. ಆಮೇಲೆ ಹಳದಿ. ಆಮೇಲೆ ದಪ್ಪ ದಪ್ಪಗೆ ಕಂದು ಮುದ್ದೆ ಬಂದು ತೊಪ್ಪನೆ ಬಿತ್ತು. ನಾರಾಯಣಮ್ಮ ಕಡ್ಡೀಲಿ ಅದನ್ನು ಬಿಡಿಸಿ ನೋಡಿದಳು. ರಾಗಿ ಹಿಟ್ಟು, ಅರಿಶಿನ ಎಲ್ಲ ಬೆಂದು ಅಂಟಾಗಿತ್ತು.

ಅವಳು ಗಂಡನ ಕಡೆ ನೋಡಿದಳು. ಸಿದ್ದಪ್ಪ ಕುರಿಗಳ ಕಡೆ ನೋಡ್ತಿದ್ದ.

ಚಿನ್ನಕ್ಕ ಗದರಿಸಲಿಲ್ಲ. "ಲಾರಿಯೋರೂ ಇಂಗೇ ಮಾಡ್ತಾರೆ. ಒಬ್ಬ ಸೋಪು ಆಕಿದ್ದ. ರಾಗಿ ಹಿಟ್ಟಿಗೆ ಏನ್ ಗೊತ್ತು, ಯಾವ್ದು ತೂತು, ಯಾವ್ದು ದಾರಿ ಅಂತ? ಎರಡನ್ನೂ ಮುಚ್ತದೆ" ಅಂದಳು.

ಇನ್ನು ತೂತು ಹುಡುಕಬೇಕಿತ್ತು. ನಾರಾಯಣಮ್ಮ ಕುರಿ ನೀರು ಕುಡಿಯೋ ಕಲ್ಲುತೊಟ್ಟಿ ತೋರಿಸಿದಳು. ಅಕ್ಕ ಒಪ್ಪಲಿಲ್ಲ. ಬೆಸುಗೆಯ ಸೀಸ ಒಳ್ಳೇದಲ್ಲ, ಪ್ರಾಣಿ ಕುಡಿಯೋ ಪಾತ್ರೆ ಬೇಡ ಅಂದಳು. ಉದ್ದಕ್ಕೆ ಸೀಳಿದ ಹಳೇ ಡ್ರಮ್ಮಿನಲ್ಲಿ ನೀರು ತುಂಬಿದರು. ರೇಡಿಯೇಟರ್ ಬಾಯಿಗಳಿಗೆ ರಬ್ಬರ್ ತುಂಡು ಬಿಗಿದು, ನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟರು. ಕೆಳಗಿನ ಮೂಲೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕೋ ಹಾಗೇನೇ. ಚಿನ್ನಕ್ಕ ಅಲ್ಲಿ ಮೊಳೆಯಿಂದ ಗುರುತು ಗೀಚಿದಳು.

ಆ ಜಾಗವನ್ನು ಉಜ್ಜಿ ಉಜ್ಜಿ ಹಿತ್ತಾಳೆ ಹೊಳೆಯೋ ಹಾಗೆ ಮಾಡಿ, ಪೂರ್ತಿ ಒಣಗಿಸಿದಳು. ಅಂಗಳದ ಬಯಲಲ್ಲಿ ಕೆಂಡ ಮಾಡಿ, ಬೆಸುಗೆ ಹಾಕೋ ತಾಮ್ರದ ಕಾವುಗೋಲು ಕಾಯಿಸಿದಳು. ಬೆಸುಗೆ ಹಿಡಿಯೋ ಹಾಗೆ ನವಸಾಗರ ಸವರಿ, ಬೆಸುಗೆ ಕಡ್ಡಿ ಮುಟ್ಟಿಸಿದಳು. ಅದು ಬೆಳ್ಳಿ ಹಾಗೆ ಕರಗಿ ಹರಿದು ಸಂದಿಗೆ ಕೂತಿತು. ಹೊಗೆ ಮುಖಕ್ಕೆ ಬಾರದ ಹಾಗೆ ಗಾಳಿ ಬರೋ ಕಡೆಗೆ ಬೆನ್ನು ಹಾಕಿ ಕೂತಿದ್ದಳು. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳ್ಕೊಂಡೇ ಎಲೆ ಅಡಿಕೆ ಮುಟ್ಟಿದಳು. ಮತ್ತೆ ಮುಳುಗಿಸಿ ನೋಡಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

"ಇದನ್ನ ನಾನೂ ಮಾಡಬೌದಾ?" ಅಂತ ಕೇಳಿದಳು ನಾರಾಯಣಮ್ಮ.

"ತೊಳೆಯೋದು, ಗುಳ್ಳೆ ನೋಡಿ ತೂತು ಉಡ್ಕೋದು, ಪೈಪು ಬದಲಾಯ್ಸೋದು, ಇದೆಲ್ಲ ಮನೇಲೇ ಮಾಡ್ಬೌದು. ಬೆಸುಗೆ ಮಾತ್ರ ಕೈ ಪಳಗೋವರ್ಗೂ ಪಾತ್ರೆ ಬೆಸೆಯೋನ ತಾವ ಆಕ್ಸು. ತೂತು ಎಲ್ಲೈತೆ ಅಂತ ನೀನೇ ತೋರ್ಸುದ್ರೆ ಅವನಿಗೂ ಸಲೀಸು."

ಈಗ ತುಂಬೋಕೆ ನೀರು ಬೇಕು. ಸಿದ್ದಪ್ಪ ಅಭ್ಯಾಸದಂತೆ ಬಾವಿ ಕಡೆ ನೋಡಿದ. ಚಿನ್ನಕ್ಕ ನಕ್ಕಳು.

"ದಿನಾ ಕಾವೇರಿ ತಾವ ಓಗಿ, ಮೀನು ತುಂಬ್ಕಂಡು ಬಂದು, ಕಾರಿಗೆ ಸವುಳು ನೀರು ಕುಡಿಸ್ತಿದ್ದೆ. ಅಲ್ಲೇ ಒಂದ್ ಕ್ಯಾನು ತುಂಬ್ಕಳಾಕೆ ಆಗ್ತಿರ್ಲಿಲ್ವಾ?"

ಕಾರು ಏನಾಯ್ತು ಅಂತ ನೋಡೋಕೆ ಬಂದಿದ್ದ ಪಳನಿಯಮ್ಮ ಎರಡು ಕ್ಯಾನು ತಗೊಂಡು ಹೊಗೆನಕಲ್ ಬಸ್ಸು ಹತ್ತಿದಳು. ಮೀನು ಇಲ್ಲದ್ದರಿಂದ ಕಂಡಕ್ಟರ್ ಏನೂ ಅನ್ನಲಿಲ್ಲ. ಸಂಜೆಗೆ ಹೊಳೆ ನೀರು ಬಂತು. ಬಟ್ಟೇಲಿ ಸೋಸಿ, ಗಾಳಿ ಗುಳ್ಳೆ ಹೋಗೋವರೆಗೂ ನಿಧಾನವಾಗಿ ತುಂಬಿದರು. ಫ್ಯಾನ್ ಬೆಲ್ಟನ್ನು ಚಿನ್ನಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿ, ಸಡಿಲ ಇದ್ದದ್ದನ್ನು ಬಿಗಿ ಮಾಡಿಸಿದಳು.

ಎಂಜಿನ್ ಶುರುವಾಯ್ತು. ಸಣ್ಣಗೆ ಓಡುವಾಗ ಎಲ್ಲ ಸರಿಯಾಗಿತ್ತು. ಬಿಸಿ ತೋರಿಸೋ ಮುಳ್ಳು ನಡುವೆ ನಿಂತಿತ್ತು. ನಾರಾಯಣಮ್ಮ ಡ್ರೈವರ್ ಸೀಟಿನಲ್ಲಿ ಕೂತು, ಅಕ್ಕ ಹೇಳಿದ ಹಾಗೆ ಆಕ್ಸಿಲರೇಟರ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಮುಳ್ಳು ಮೇಲೇರ್ತಾ ಹೋಯ್ತು. ಕೆಂಪಿನ ಹತ್ರ ಬಂತು.

"ಆಫ್ ಮಾಡು" ಅಂದಳು ಚಿನ್ನಕ್ಕ.

ಸಿದ್ದಪ್ಪ ಎದ್ದು ನಿಂತ. "ನಾನ್ ಏಳ್ಲಿಲ್ವಾ? ಎಂಜಿನ್ನೇ ಓಗೈತೆ. ಇಷ್ಟೆಲ್ಲ ಮೈಕೈ ಕೊಳೆ ಮಾಡ್ಕಂಡಿದ್ದೇ ಬಂತು."

ನಾರಾಯಣಮ್ಮನ ಮುಖ ಬಾಡಿತು. ಪಳನಿಯಮ್ಮ ಜಗುಲಿ ಮೇಲೆ ಕುಸಿದು ಕೂತಳು. ಚಿನ್ನಕ್ಕ ಮಾತ್ರ ಹಣೆ ಒರೆಸ್ಕೊಂಡು ಯೋಚನೆ ಮಾಡ್ತಾ ನಿಂತಳು.

"ನೀರು ಬಿಸಿಯಾದ್ರೆ ದಾರಿ ಬುಡೋ ಒಂದು ವಾಲ್ವು ಐತೆ, ಅದನ್ನೂ ನೋಡ್ಬುಡ್ತೀನಿ" ಅಂದಳು. ಎಂಜಿನ್ ಆರಿದ ಮೇಲೆ, ಮೇಲಿನ ಪೈಪು ಸೇರೋ ಜಾಗದಲ್ಲಿ ಇದ್ದ ಸಣ್ಣ ಹಿತ್ತಾಳೆ ವಾಲ್ವು ಬಿಚ್ಚಿ ತೆಗೆದಳು. ಅಡುಗೆಗೆ ಬಳಸದ ಒಂದು ಪಾತ್ರೇಲಿ ನೀರಿಟ್ಟು, ವಾಲ್ವನ್ನು ದಾರ ಕಟ್ಟಿ ಇಳಿಬಿಟ್ಟು ಒಲೆ ಉರಿಸಿದರು. ನೀರು ಕುದಿಗೆ ಹತ್ರ ಬಂದಾಗ ವಾಲ್ವು ತಾನಾಗೇ ಬಾಯಿ ಬಿಟ್ಟಿತು. ಅದು ಚೆನ್ನಾಗೇ ಇತ್ತು. ಮತ್ತೆ ಅದರ ಜಾಗಕ್ಕೆ ಹಾಕಿದರು.

"ಇನ್ನೊಂದ್ಸಲ ಓಡ್ಸಾಣ. ಈ ಸಲ ಎಲ್ರೂ ಕಣ್ಣಿಟ್ಟು ನೋಡಿ" ಅಂದಳು ಚಿನ್ನಕ್ಕ.

ಸಿದ್ದಪ್ಪನಿಗೆ ಇಷ್ಟ ಇರಲಿಲ್ಲ. ಆದರೂ ಬಂದ. ಆ ಕಾರಿನ ಒಂದೊಂದು ಸದ್ದೂ ಅವನಿಗೆ ಗೊತ್ತು. ಬಾನೆಟ್ ಪಕ್ಕ, ಫ್ಯಾನಿಗೆ ದೂರ ನಿಂತು ನೋಡಿದ. ಎಂಜಿನ್ ಸಣ್ಣಗೆ ಓಡುವಾಗ ಏನೂ ಕಾಣಲಿಲ್ಲ. ಹೆಂಡತಿ ಆಕ್ಸಿಲರೇಟರ್ ಒತ್ತಿದಳು. ಸಿದ್ದಪ್ಪ ಬಗ್ಗಿದ. ಬಿಡು ಅಂತ ಕೈ ಮಾಡಿದ. ಮತ್ತೆ ಒತ್ತು ಅಂದ. ಮತ್ತೆ ಬಗ್ಗಿ ನೋಡಿದ.

"ಅತ್ತಿಗೆ, ಇಲ್ ನೋಡು" ಅಂದ. ಅವನ ದನಿ ಬದಲಾಗಿತ್ತು. "ಕೆಳಗಿನ ಪೈಪು. ರೇಸ್ ಮಾಡಿದ್ರೆ ಕೆನ್ನೆ ಒಳಕ್ಕೆ ಎಳ್ಕಂಡಂಗೆ ಒಳಕ್ಕೆ ಓಗ್ತೈತೆ."

ಚಿನ್ನಕ್ಕ ಬಗ್ಗಿ ನೋಡಿದಳು. ಕೆಳಗಿನ ರಬ್ಬರ್ ಪೈಪು, ಎಂಜಿನ್ ಜೋರಾದಾಗೆಲ್ಲ ಚಪ್ಪಟೆಯಾಗಿ ಅಂಟಿಕೊಳ್ತಿತ್ತು. ಸಣ್ಣಗಾದಾಗ ಮತ್ತೆ ದುಂಡಗಾಗ್ತಿತ್ತು.

"ಸಿಕ್ಕಾಕ್ಕಂಡ್ತು" ಅಂದಳು. "ಪಂಪು ಈ ಪೈಪಿಂದಾನೇ ನೀರು ಎಳ್ಕಳೋದು. ರಬ್ಬರ್ ಮೆತ್ತಗಾಗೋಗೈತೆ. ಬೆಟ್ಟ ಅತ್ತೋವಾಗ ನೀನು ಎಂಜಿನ್ ಜೋರು ಮಾಡ್ತೀಯ. ಆಗ್ಲೇ ಇದು ಮುಚ್ಕತದೆ. ನೀರಿನ ದಾರಿ ಬಂದ್. ನಾನು ಒರಗಿಂದ ಒತ್ತಿ ನೋಡಿ ಸರ್ಯಾಗೈತೆ ಅಂದ್ಕಂಡಿದ್ದೆ ಕಣಪ್ಪ. ನೀನು ನೋಡ್ದೆ ಇದ್ದಿದ್ರೆ ನಾನೂ ಬುಟ್ಬುಡ್ತಿದ್ದೆ."

ಸಿದ್ದಪ್ಪ ಬಾನೆಟ್ ಪಕ್ಕದಿಂದ ಕದಲಲಿಲ್ಲ. ಕೈ ಸುಟ್ಟ ಮೇಲೆ ಕಾರಿನ ಇಷ್ಟು ಹತ್ರ ಅವನು ಬಂದಿದ್ದು ಇದೇ ಮೊದಲು. "ಪೈಪು ಧರ್ಮಪುರೀಲಿ ಸಿಕ್ತದೆ. ನಾನೇ ಓಗ್ ತರ್ತೀನಿ" ಅಂದ.

ಹೊಸ ಪೈಪು, ಹೊಸ ಕ್ಲಿಪ್ಪು ಬಂದವು. ನಾರಾಯಣಮ್ಮ ಹಾಕಿದಳು, ಸಿದ್ದಪ್ಪ ಎಡಗೈಯಲ್ಲಿ ಕ್ಲಿಪ್ಪು ಬಿಗಿದ. ಎಂಜಿನ್ ಎಷ್ಟು ಜೋರು ಮಾಡಿದರೂ ಮುಳ್ಳು ನಡುವೆ ಬಿಟ್ಟು ಏಳಲಿಲ್ಲ. ಚಿನ್ನಕ್ಕ ತಗಡಿನ ಪೆಟ್ಟಿಗೆ ಮುಚ್ಚಿ ಶಂಕಗಿರಿ ಬಸ್ಸಿಗೆ ಹೊರಟಳು. ಹೋಗುವಾಗ ಸಿದ್ದಪ್ಪನಿಗೆ ಹೇಳಿದಳು. "ದಾರೀಲಿ ಯಾವತ್ತಾದ್ರೂ ಕಾದ್ರೆ, ನಿಲ್ಸಿ ಎಂಜಿನ್ ಆಫ್ ಮಾಡು. ನೆರಳಲ್ಲಿ ಕೂತ್ಕ. ಕಾದ ಎಂಜಿನ್ ಮೇಲೆ ತಣ್ಣೀರು ಉಯ್ಬೇಡ, ಬಿರುಕು ಬುಡ್ತದೆ. ಮೀನು ಕೆಟ್ಟೋದ್ರೆ ನಾಳೆ ಮತ್ತೆ ಸಿಕ್ತದೆ ಕಣಪ್ಪ."

"ಆಯ್ತು ಅತ್ತಿಗೆ" ಅಂದ ಸಿದ್ದಪ್ಪ.

ಕೈ ವಾಸಿಯಾದ ಮೇಲೆ, ನರ್ಸಮ್ಮ ಸರಿ ಅಂದ ಮೇಲೆ, ಅವನು ಕಾರು ತೆಗೆದ. ಹೊಗೆನಕಲ್‌ನಲ್ಲಿ ಪಳನಿಯಮ್ಮ ಬುಟ್ಟಿ ತುಂಬಿಸಿ ಕಾಯ್ತಾ ಇದ್ದಳು. ಮುಂದಿನ ಬಾಗಿಲ ಹತ್ರ ಬಂದು ನಿಂತುಬಿಟ್ಟಳು.

"ಬುಟ್ಟಿ ನಿನ್ ಕಾರಲ್ಲಿ ಓಗ್ಲಿ. ನಾನು ಬಸ್ಸಲ್ಲಿ ಬತ್ತೀನಿ" ಅಂದಳು.

"ಯಾಕೆ, ನಂಬ್ಕೆ ಇಲ್ವಾ?"

"ಆವತ್ತು ನಿನ್ ಕೈ ನೋಡಿದ್ದೀನಲ್ಲ ಅಣ್ಣ."

ಸಿದ್ದಪ್ಪ ಬಲವಂತ ಮಾಡಲಿಲ್ಲ. ಬಾನೆಟ್ ಎತ್ತಿದ. ರೇಡಿಯೇಟರ್ ನೆತ್ತಿ ಮೇಲೆ ಕೈ ಇಟ್ಟ. ಬಿಸಿ ಇತ್ತು. ಮುಚ್ಚಳ ಮುಟ್ಟದೆ ಬಾನೆಟ್ ಇಳಿಸಿದ. ಹೊಳೆಗೆ ಇಳಿದು ಕ್ಯಾನು ತುಂಬ್ಕೊಂಡು ಬಂದು ಬುಟ್ಟಿ ಪಕ್ಕ ಇಟ್ಟ. ಆಮೇಲೆ ಮರದ ಕೆಳಗೆ ಕೂತ. "ಬೇಗ ಓಗ್ಬೇಕಲ್ಲ?" ಅಂತ ಪಳನಿಯಮ್ಮ ಕೇಳಿದಳು. "ಆರ್ಲಿ. ನೀರಿನ ಮಟ್ಟ ನೋಡ್ದೆ ಒರಡಲ್ಲ" ಅಂದ. ಆರಿದ ಮೇಲೆ ಮುಚ್ಚಳ ತೆಗೆದು ನೋಡಿದ. ನೀರು ಬಾಯಿಮಟ್ಟ ಇತ್ತು.

ಇದನ್ನೆಲ್ಲ ನೋಡ್ತಾ ನಿಂತಿದ್ದ ಪಳನಿಯಮ್ಮ, ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು.

ಘಾಟಿ ಶುರುವಾಯ್ತು. ಮೊದಲ ತಿರುವು, ಎರಡನೇ ತಿರುವು. ಪಳನಿಯಮ್ಮ ಮುಳ್ಳಿನ ಮೇಲಿಂದ ಕಣ್ಣು ತೆಗೀಲಿಲ್ಲ. ಮುಳ್ಳು ಸ್ವಲ್ಪ ಏರಿತು. ನಡುವೆ ಬಂದು ನಿಂತಿತು. ಆವತ್ತು ಕೈ ಸುಟ್ಟ ಜಾಗ ಬಂತು. ಸಿದ್ದಪ್ಪನೂ ಒಂದು ಸಲ ಮುಳ್ಳಿನ ಕಡೆ ನೋಡಿದ. ಕಾರು ಆ ಜಾಗ ದಾಟಿತು. ಕಾಡು ಮುಗಿದು, ಬಯಲು ಕಂಡು, ಪೆನ್ನಾಗರದ ಅಂಗಡಿಗಳು ಬಂದವು. ದಾರೀಲಿ ಒಂದು ಸಲವೂ ನಿಲ್ಲಲಿಲ್ಲ.

ಧರ್ಮಪುರಿ ಮಾರ್ಕೆಟ್ಟಿಗೆ ಬಂದರೆ ಅಂಗಡಿಯವರು ಇನ್ನೂ ಚಾಪೆ ಹಾಸ್ತಿದ್ದರು. ಮೀನು ಕೊಳ್ಳೋ ವ್ಯಾಪಾರಿಗಳು ಒಬ್ಬರೂ ಬಂದಿರಲಿಲ್ಲ.

"ಈಗ ಏನ್ ಮಾಡೋದು?" ಅಂದಳು ಪಳನಿಯಮ್ಮ.

"ಟೀ ಕುಡಿಯಾಣ" ಅಂದ ಸಿದ್ದಪ್ಪ.

ಇಬ್ಬರೂ ಬೆಂಚಿನ ಮೇಲೆ ಕೂತು, ಯಾವ ಅವಸರವೂ ಇಲ್ಲದೆ ಟೀ ಕುಡಿದರು.

ಕಾರು, ಜೀಪು, ವ್ಯಾನು ಇಟ್ಕೊಂಡಿರೋ ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಓದಿದವರು ಇವತ್ತೇ ಎದ್ದು ಹೋಗಿ ನಿಮ್ಮ ಗಾಡಿಯ ಬಾನೆಟ್ ಎತ್ತಿ ನೋಡಿ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ನೋಡಿ. ನೀರು ಕೆಂಪಗಿದ್ದರೆ ತೊಳೆಯೋ ಕಾಲ ಬಂದಿದೆ. ಪೈಪು ಮೆತ್ತಗಾಗಿದ್ದರೆ ಬದಲಾಯಿಸಿ. ಎಂಜಿನ್ ಜೋರು ಮಾಡಿ, ಕೆಳಗಿನ ಪೈಪಿನ ಮೇಲೆ ಕಣ್ಣಿಡಿ. ಸೋರಿಕೆಗೆ ಅರಿಶಿನ, ಹಿಟ್ಟು, ಸೋಪು ಹಾಕಬೇಡಿ. ಮಳೆ ನೀರೋ ಹೊಳೆ ನೀರೋ ಸಿಕ್ಕರೆ ಅದನ್ನೇ ಹಾಕಿ. ತೊಳೆದ ಸೋಡಾ ನೀರನ್ನು ದನಕರು ಕುಡಿಯದ ಹಾಗೆ ಗುಂಡಿಗೆ ಹುಯ್ದು ಮುಚ್ಚಿ. ಇದಕ್ಕೆ ದೊಡ್ಡ ವರ್ಕ್‌ಶಾಪು ಬೇಡ. ನಿಮ್ಮ ಮನೆ ಅಂಗಳ ಸಾಕು, ಮನೆಯವರ ಕೈ ಸಾಕು.

ಬಿಸಿ ಮುಚ್ಚಳವನ್ನು ಮಾತ್ರ ಯಾವ ಅವಸರಕ್ಕೂ ತೆರೆಯಬೇಡಿ. ಯಾರಿಗಾದರೂ ಸುಟ್ಟರೆ ತಣ್ಣೀರು ಸುರೀತಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ತಡವಾಗಿ ಹೋದರೂ ಸಂತೆ ಇರುತ್ತೆ. ಎರಡು ಕಣ್ಣು, ಎರಡು ಕೈ ಇಟ್ಕೊಂಡು ಹೋಗಿ.